ಅಪ್ಪನ ನೆಟ್ಟನೆ ಗೆರೆ

ನಮ್ಮ ಮನೆಯಲ್ಲಿ ಅಪ್ಪನಿಗೆ ಚಹಾ ಅರ್ಧ ಕಪ್ಪು. ಅದು ಮುಗಿದ ಮೇಲೆ ಅವ್ವ ಇನ್ನರ್ಧ ಹಾಕಿ ಕೊಡುತ್ತಾಳೆ. ತುಂಬಿದ ಕಪ್ಪು ಬಾಯಿಗೆ ಮುಟ್ಟುವಷ್ಟರಲ್ಲಿ ಹೊಟ್ಟೆಗೆಷ್ಟು, ಅಂಗಿಗೆಷ್ಟು ಎನ್ನುವುದು ಮೂವರಿಗೂ ಗೊತ್ತು, ಹಾಗಾಗಿ ಯಾರೂ ಆ ಮಾತು ಎತ್ತುವುದಿಲ್ಲ. ಅಪ್ಪನ ಬಲಗೈ ನಡುಗಲು ಶುರುವಾಗಿ ಐದು ವರ್ಷವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು, ಈಗ ಮೊಣಕೈವರೆಗೆ.

ಆ ಕೈಯಿಂದಲೇ ನಮ್ಮ ಮನೆ ನಡೆದದ್ದು. ಅಪ್ಪ ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಎಂಜಿನಿಯರ್ ಸಾಹೇಬರು ಗೀಚಿ ಕೊಟ್ಟದ್ದನ್ನು ಇವರು ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಕಾಲುವೆ, ತೂಬು, ಸೇತುವೆ ಮಾಡಿ ಕೊಡುತ್ತಿದ್ದರು. ಶಾಯಿ, ನಿಬ್ಬು ಎಲ್ಲ ಕೋಠಿಯ ಒಂದೇ ಅಂಗಡಿಯಿಂದ. ಗೆರೆ ತಪ್ಪಿದರೆ ಬ್ಲೇಡಿನ ತುದಿಯಿಂದ ಕೆರೆದು ತೆಗೆಯಬೇಕು, ಬಟ್ಟೆ ಹರಿಯಬಾರದು. ತಾನು ವರ್ಷಕ್ಕೆ ಎರಡು ಸಲ ಬ್ಲೇಡ್ ಮುಟ್ಟಿದರೆ ಹೆಚ್ಚು ಎಂದು ಹೇಳಿಕೊಳ್ಳುತ್ತಿದ್ದರು. ಜಂಭ ಬಹಳ. ನನಗೂ ಅದೇ ಬಂದಿದೆ ಎಂದು ಅವ್ವ ಹೇಳುತ್ತಾಳೆ.

ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತಂತೆ. ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ, ಅದರಲ್ಲಿ ಬರೆದವರು, ತಪಾಸಣೆ ಮಾಡಿದವರು ಎಂದು ಎರಡು ಮನೆ. ತಾನು ಎಳೆಯದ ಗೆರೆಗೆ ಯಾರೂ ಸಹಿ ಹಾಕುವಂತಿಲ್ಲ. ಅಪ್ಪ ಜ್ವರ ಬಂದು ಮಲಗಿದ್ದಾಗ ಪಕ್ಕದ ಮೇಜಿನವನು ಇವರ ನಕ್ಷೆಗೆ ನಾಲ್ಕು ಗೆರೆ ಸೇರಿಸಿ ಮುಗಿಸಿದ. ಇವರು ವಾಪಸು ಬಂದು ಅವನ ಹೆಸರೂ ಅಲ್ಲಿ ಬೀಳುವವರೆಗೆ ನಕ್ಷೆಯನ್ನು ಸಾಹೇಬರ ಮೇಜಿಗೆ ಕಳಿಸಲಿಲ್ಲ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೇನೆ. ನೂರು ಸಲ ಕೇಳಿಯೂ ನಾನು ಮಾಡಿದ್ದು ಆ ಪಕ್ಕದ ಮೇಜಿನವನು ಮಾಡಿದ್ದನ್ನೇ.

ನಿವೃತ್ತಿಯಾಗಿ ಮಿಯಾಪುರದ ನನ್ನ ಫ್ಲಾಟಿಗೆ ಬಂದ ಮೇಲೆ ಅಪ್ಪನಿಗೆ ಒಂದು ಹುಚ್ಚು ಹಿಡಿಯಿತು. ನಾವು ರಾಯಚೂರು ಕಡೆಯವರು. ಹೈದರಾಬಾದಿಗೆ ಬಂದ ಹೊಸತರಲ್ಲಿ ಕೋಠಿಯ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಪಡಸಾಲೆ, ಒಂದು ಕೋಣೆ, ಅಡುಗೆಮನೆ, ನಾಲ್ಕು ಮನೆಗೆ ಒಂದು ನಲ್ಲಿ. ಅದನ್ನು ಕೆಡವಿ ಈಗ ಅಲ್ಲಿ ಔಷಧಿ ಗೋದಾಮು ಕಟ್ಟಿದ್ದಾರೆ.

“ಸಾವಿರ ನಕಾಶಿ ಬರದೆ. ನಾ ಇದ್ದ ಮನೀದು ಒಂದೂ ಬರದಿಲ್ಲ ನೋಡು,” ಎಂದರು ಒಂದು ದಿನ.

ಅಳತೆ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ಆ ಮನೆಯ ನೆಲಕ್ಕೆ ಹಾಸಿದ್ದ ಶಹಾಬಾದಿ ಕಲ್ಲಿನ ಫರಸಿಗಳನ್ನು ಕಣ್ಣು ಮುಚ್ಚಿ ಎಣಿಸಿದರು. ಪಡಸಾಲೆಯಲ್ಲಿ ಉದ್ದಕ್ಕೆ ಒಂಬತ್ತು, ಅಗಲಕ್ಕೆ ಐದು. ಒಂದು ಫರಸಿ ಎರಡು ಅಡಿ. ಅವ್ವ ಒಳಗಿನಿಂದಲೇ ಅಡುಗೆಮನೆಯ ಮೂಲೆಯ ಫರಸಿ ಒಡೆದದ್ದಿತ್ತು, ಅದನ್ನು ಅರ್ಧ ಹಿಡಿಯಿರಿ ಎಂದು ಕೂಗಿದಳು.

ಕಾಗದದ ಮೇಲೆ ಆಗಲಿಲ್ಲ. ಮೊದಲ ಗೋಡೆಗೇ ಶಾಯಿ ಹಲ್ಲುಹಲ್ಲಾಗಿ ಹರಡಿತು. ಅಪ್ಪ ನಿಬ್ಬು ತೊಳೆದು ಡಬ್ಬಿಯಲ್ಲಿಟ್ಟು ಮುಚ್ಚಿದರು, ಎರಡು ದಿನ ಆ ಕಡೆ ಸುಳಿಯಲಿಲ್ಲ. ಆಗ ನಾನು ಮಹಾ ಬುದ್ಧಿವಂತೆ, ಕಂಪ್ಯೂಟರಿಗೆ ಹಚ್ಚುವ ಬರೆಯುವ ಹಲಗೆ ಮತ್ತು ಪೆನ್ನು ತಂದುಕೊಟ್ಟೆ. ಹಲಗೆಯ ಮೇಲೆ ಪೆನ್ನು ಎಳೆದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಎರಡು ಕಡೆ ಚುಕ್ಕಿ ಇಟ್ಟರೆ ಗೆರೆ ತಾನೇ ಬರುವ ತಂತ್ರಾಂಶವನ್ನೂ ತೋರಿಸಿದೆ. ಅಪ್ಪ ಅದನ್ನು ಮೂಸಿಯೂ ನೋಡಲಿಲ್ಲ.

“ಚುಕ್ಕಿ ಇಟ್ರ ಗೆರಿ ತಾನ ಬರತೈತಿ. ಅದಕ್ಕ ಬರಿಯೋದು ಅನ್ನಂಗಿಲ್ಲ.”

ಕೈಯಿಂದ ಎಳೆಯುವ ತಂತ್ರಾಂಶದಲ್ಲಿ ಗೆರೆಯ ನಡುಕ ತಿದ್ದುವ ಗುಂಡಿ ಒಂದಿತ್ತು. ಅದನ್ನು ಮೆಲ್ಲಗೆ ಒತ್ತಿಟ್ಟೆ. ಡ್ರಾಫ್ಟ್ಸ್‌ಮನ್ ಕಣ್ಣು, ಎರಡನೇ ದಿನವೇ ಹುಡುಕಿ ಬಂದ್ ಮಾಡಿದರು. ಹೊಸ ಗೆರೆ ಮತ್ತೆ ಗಡಗಡ. ಅಪ್ಪನ ಮುಖ ಆ ಡಬ್ಬಿ ಮುಚ್ಚಿದ ದಿನದ ಹಾಗೆಯೇ ಆಯಿತು. ನನಗೆ ಸಹಿಸಲಾಗಲಿಲ್ಲ. ಕಣ್ಣಿಗೆ ಕಾಣುವ ಕಡೆ ಇಟ್ಟರೆ ತಾನೇ ಬಂದ್ ಮಾಡುವುದು, ಕಾಣದ ಕಡೆ ಇಡೋಣ ಎಂದುಕೊಂಡೆ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯ ಕಂಪ್ಯೂಟರ್ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವಂಥದ್ದು. ಅದರೊಳಗೆ ಪ್ಯಾಕೇಜ್ ಮ್ಯಾನೇಜರ್ ಎಂಬ ಗುಮಾಸ್ತ ಇರುತ್ತಾನೆ. ಯಾವ ತಂತ್ರಾಂಶಕ್ಕೆ ಯಾವುದರ ಆಸರೆ ಬೇಕು, ಆ ಆಸರೆಯ ಎಷ್ಟನೇ ವರ್ಷನ್, ಅಂದರೆ ಆವೃತ್ತಿ, ಬೇಕು ಎನ್ನುವುದೆಲ್ಲ ಅವನ ಬಳಿ ಇರುತ್ತದೆ. ಹೊಸದು ಬಂದರೆ ಹಾಕುತ್ತಾನೆ, ಹಳೆಯದನ್ನು ತೆಗೆಯುತ್ತಾನೆ. ಅವನು ನೋಡುವುದು ಹೆಸರು, ವರ್ಷನ್ ಬರೆದ ಮೇಲಿನ ಚೀಟಿಯನ್ನು ಮಾತ್ರ, ಒಳಗಿನ ಸಾಮಾನನ್ನಲ್ಲ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಇಂಥ ನೂರಾರು ಯಂತ್ರಗಳನ್ನು ಸರಿಯಾಗಿಡುವುದೇ ನನ್ನ ನೌಕರಿ.

ಪೆನ್ನು ಎಲ್ಲಿದೆ ಎಂದು ಪರದೆಗೆ ಹೇಳುವ ಕೆಲಸ ಇಂಥ ಒಂದು ಪುಟ್ಟ ಆಸರೆಯದು, ಅದಕ್ಕೆ ಲೈಬ್ರರಿ ಎನ್ನುತ್ತಾರೆ. ನಾನು ಅದರ ಮೂಲ ಕೋಡ್ ಇಳಿಸಿಕೊಂಡು, ನಡುಕವನ್ನು ಸೋಸುವ ಇಪ್ಪತ್ತು ಸಾಲು ಸೇರಿಸಿ, ಮನೆಯಲ್ಲೇ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಹಾಕಿದೆ. ಅಪ್ಪ ಗೆರೆ ಎಳೆದರು. ನೆಟ್ಟಗೆ ಬಂತು. ಇನ್ನೊಂದು ಎಳೆದರು, ಅದೂ ಬಂತು. ಪೆನ್ನನ್ನು ಬೆಳಕಿಗೆ ಹಿಡಿದು ನೋಡಿ, “ಇದರ ಹಿಡಿತ ಛಲೋ ಐತಿ. ನನ್ನ ಕೈಗೆ ಒಗ್ಗೈತಿ,” ಎಂದರು. ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಗೆ ಹೋಗಿ ಅತ್ತೆ.

ಮುಂದಿನ ವಾರ ಗುಮಾಸ್ತ ಮಾಮೂಲಿ ಅಪ್‌ಡೇಟ್ ತಂದು ನನ್ನ ಲೈಬ್ರರಿಯನ್ನು ಕಿತ್ತು ತನ್ನದನ್ನು ಕೂರಿಸಿದ. ಆ ದಿನ ಅಪ್ಪನ ಗೆರೆ ಕುಣಿಯಿತು. ರಾತ್ರಿ ನಿದ್ದೆ ಆಗಿಲ್ಲ, ಅದಕ್ಕೇ ಹೀಗೆ ಎಂದುಕೊಂಡು ಪೆನ್ನು ಕೆಳಗಿಟ್ಟರು. ನಾನು ಮತ್ತೆ ಕಂಪೈಲ್ ಮಾಡಿ, ಈ ಸಲ ಚೀಟಿಯ ಮೇಲೆ ವರ್ಷನ್ ತೊಂಬತ್ತೊಂಬತ್ತು ಎಂದು ಬರೆದೆ. ಅಸಲಿಯದು ಇನ್ನೂ ಒಂದರ ಆಸುಪಾಸಿನಲ್ಲಿತ್ತು. ಇನ್ನು ಎಷ್ಟೇ ಹೊಸದು ಬರಲಿ, ಗುಮಾಸ್ತನ ಲೆಕ್ಕದಲ್ಲಿ ನನ್ನದೇ ಹೊಸದು. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಎಲ್ಲರೆದುರು ನಿಲ್ಲಿಸಿ ನೀರಿಳಿಸುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಅಪ್ಪ ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿಯ ಅಂಗಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುವರು. ಒಂದಕ್ಕೆ ಊಟ, ಎರಡಕ್ಕೆ ಮತ್ತೆ ಕುರ್ಚಿ, ಐದಕ್ಕೆ ಏಳುವುದು. ಮೊದಲು ಪಡಸಾಲೆ, ಆಮೇಲೆ ಕೋಣೆ, ಗೋಡೆಯ ಗೂಡು, ಅಂಗಿ ತೂಗುಹಾಕುವ ಗಿಳಿಗೂಟ. ದಿನಕ್ಕೆ ಮೂರು ಗೆರೆಯಾದರೆ ಹಬ್ಬ. ಎರಡು ಮೂರು ತಿಂಗಳಿಗೊಮ್ಮೆ ಕೈ ಇನ್ನಷ್ಟು ಹದಗೆಡುವುದು, ನಾನು ಎಷ್ಟು ಸೋಸಬೇಕೆನ್ನುವ ಸಂಖ್ಯೆಯನ್ನು ಸ್ವಲ್ಪ ಏರಿಸಿ ಮತ್ತೆ ಕಂಪೈಲ್ ಮಾಡುವುದು. ಕೊನೆಕೊನೆಗೆ ಸೋಸಿದರೂ ಸಾಲದೆ, ಗೆರೆ ಹೆಚ್ಚುಕಡಿಮೆ ನೇರವಿದ್ದರೆ ಪೂರ್ತಿ ನೇರ ಮಾಡು ಎಂಬ ಸಾಲನ್ನೂ ಸೇರಿಸಿದೆ. ಪೆನ್ನು ಮುಂದೆ ಹೋಗಿ ಗೆರೆ ಹಿಂದಿನಿಂದ ಬರುತ್ತಿತ್ತು.

“ಇದೂ ಮುದುಕ ಆಗೇತಿ,” ಎಂದು ಅಪ್ಪ ಕಂಪ್ಯೂಟರನ್ನು ತಟ್ಟುವರು.

“ಹಳೇ ಮಷಿನ್ ಅಪ್ಪಾ, ಸಾವಕಾಶ ಎಳೀರಿ,” ಎನ್ನುವೆ ನಾನು.

ಅವ್ವನಿಗೆ ಮಾತ್ರ ಹೇಳಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

“ಅವರಿಗೂ ಹೇಳಿಬಿಡು.”

“ನೀನೂ ಅರ್ಧ ಕಪ್ ಹಾಕಿ ಕೊಡ್ತೀ ಅಲ್ಲಬೇ?”

“ಕೊಡ್ತೀನಿ ಖರೆ. ಅರ್ಧ ಐತಿ ಅಂತ ಅವರ ಕಣ್ಣಿಗೆ ಕಾಣತೈತಿ. ನಿಂದು ಕಾಣಂಗಿಲ್ಲ.”

ನನಗೆ ಸಿಟ್ಟು ಬಂತು. ನಿನಗೆ ಕಂಪ್ಯೂಟರ್ ಏನು ತಿಳಿಯುತ್ತದೆ ಎಂದು ರೇಗಿ ಎದ್ದು ಬಂದೆ.

ಅಡುಗೆಮನೆಯ ಒಂದು ಗೋಡೆ ಮಾತ್ರ ಬಾಕಿ ಇತ್ತು. ಅಪ್ಪ ಆಗಲೇ ಮೂಲೆಯಲ್ಲಿ ಚೌಕ ಎಳೆದು, ಬರೆದವರು ಎನ್ನುವ ಮನೆಯಲ್ಲಿ ತಮ್ಮ ಹೆಸರಿನ ಎರಡಕ್ಷರ ಹಾಕಿಟ್ಟಿದ್ದರು. ಆ ವಾರವೇ ಶನಿವಾರ ಹನ್ನೊಂದಕ್ಕೆ ನರರೋಗದ ಡಾಕ್ಟರ ಜೊತೆ ವಿಡಿಯೋದಲ್ಲಿ ಭೇಟಿ. ನನ್ನ ಫೋನಿನಲ್ಲೇ ಮುಗಿಸಬಹುದಿತ್ತು. ಇವತ್ತಿಗೂ ಅದನ್ನೇ ಯೋಚಿಸುತ್ತೇನೆ. ಆದರೆ ಅಪ್ಪನಿಗೆ ಡಾಕ್ಟರಿಗೆ ನಕ್ಷೆ ತೋರಿಸುವ ಆಸೆ. ಕಂಪ್ಯೂಟರಿನಲ್ಲೇ ಆಗಲಿ, ದೊಡ್ಡದಾಗಿ ಕಾಣಲಿ ಎಂದರು.

ಒಂಬತ್ತೂವರೆಗೆ ಕೂತೆ. ಏನಾದರೂ ಕೆಟ್ಟೀತೆಂದು ಅಪ್‌ಡೇಟುಗಳನ್ನೇ ನಾನು ನಿಲ್ಲಿಸಿಬಿಟ್ಟಿದ್ದೆ, ಬ್ರೌಸರ್ ಬಹಳ ಹಳೆಯದಾಗಿತ್ತು, ಆಸ್ಪತ್ರೆಯ ಪುಟ ತೆರೆಯಲಿಲ್ಲ. ಹೊಸ ಬ್ರೌಸರ್ ಹಾಕು ಎಂದರೆ ಗುಮಾಸ್ತ ಅದಕ್ಕೆ ಬೇಕಾದ ಇನ್ನೊಂದನ್ನು ಕೇಳಿದ, ಅದಕ್ಕೆ ಮತ್ತೊಂದು. ಆ ಮತ್ತೊಂದಕ್ಕೆ ಪೆನ್ನಿನ ಲೈಬ್ರರಿಯ ಹೊಸ ವರ್ಷನ್ ಬೇಕಿತ್ತು. ಗುಮಾಸ್ತ ಚೀಟಿ ನೋಡಿದ. ತೊಂಬತ್ತೊಂಬತ್ತು ಇದೆಯಲ್ಲ, ಧಾರಾಳವಾಯಿತು ಎಂದು ಎಲ್ಲವನ್ನೂ ಹಾಕಿಬಿಟ್ಟ. ನಾನು ಕಂಪ್ಯೂಟರ್ ಆರಿಸಿ ಹಚ್ಚಿದೆ. ಪರದೆ ಕಪ್ಪು, ಆಜ್ಞೆ ಟೈಪ್ ಮಾಡುವ ಬಿಳಿ ಅಕ್ಷರದ ಸಾಲು ಮಾತ್ರ. ಹೊಸದಾಗಿ ಬಂದದ್ದು ನನ್ನ ಲೈಬ್ರರಿಯಲ್ಲಿ ಇಲ್ಲದ್ದನ್ನು ಕೇಳುತ್ತಿತ್ತು. ಮೇಲಿನ ಚೀಟಿ ತೊಂಬತ್ತೊಂಬತ್ತು, ಒಳಗಿನದು ಎರಡು ವರ್ಷದ ಹಿಂದಿನ ಸಾಮಾನು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಹಿಂದಿನಿಂದ ಅಪ್ಪ, ಇಸ್ತ್ರಿಯ ಅಂಗಿಯಲ್ಲಿ. “ಆತೇನವ್ವಾ?” ಹತ್ತೂವರೆಗೆ ಒಮ್ಮೆ, ಹತ್ತೂಮುಕ್ಕಾಲಿಗೆ ಒಮ್ಮೆ. ನನ್ನ ಲೈಬ್ರರಿಯನ್ನು ಉಳಿಸಿಕೊಂಡು ಬೇರೆ ಯಾವುದನ್ನು ಹಿಂದಕ್ಕೆ ಒಯ್ಯಬಹುದೆಂದು ಕೇಳಿದರೆ, ಗುಮಾಸ್ತ ತೆಗೆಯಬೇಕಾದವುಗಳ ಪಟ್ಟಿ ಕೊಟ್ಟ. ಅಪ್ಪನ ನಕ್ಷೆಯ ತಂತ್ರಾಂಶವೂ ಅದರಲ್ಲಿತ್ತು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ನನ್ನದನ್ನೇ ಕಿತ್ತು ಅವನ ಲೈಬ್ರರಿಯನ್ನು ಹಾಕಿಸಿದೆ. ಪರದೆ ಬೆಳಗಿತು.

ಡಾಕ್ಟರು ಅಪ್ಪನಿಗೆ ಕೈ ಚಾಚಲು ಹೇಳಿದರು, ಬೆರಳು ಮೂಗಿಗೆ ಮುಟ್ಟಿಸಲು ಹೇಳಿದರು, ಒಂದು ಹಾಳೆಯ ಮೇಲೆ ಸುರುಳಿ ಬರೆಸಿದರು. ಸುರುಳಿ ನೋಡಿ ಅವರು ಏನೋ ಬರೆದುಕೊಂಡಾಗ ಅಪ್ಪನಿಗೆ ಅವಮಾನವಾಯಿತು. ತಮ್ಮ ಹೈದರಾಬಾದಿ ಹಿಂದಿಯಲ್ಲಿ, ಕಾಗದದ ಮೇಲೆ ಹಿಂಗೆ, ಕಂಪ್ಯೂಟರಿನಲ್ಲಿ ನನ್ನ ಕೈ ಈಗಲೂ ಪಕ್ಕಾ ಎಂದು ಹೇಳಿ ನಕ್ಷೆ ತೆಗೆಸಿ ತೋರಿಸಿದರು. ಡಾಕ್ಟರು ಗೋಡೆಗಳನ್ನು, ಗೂಡನ್ನು, ಗಿಳಿಗೂಟವನ್ನು ನೋಡಿದರು.

“ಯೇ ಕೈಸೇ?” ಇದು ಹೇಗೆ ಎಂದು ಅವರು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು.

ನಾನು ಮಾತು ಬದಲಿಸಿ ಔಷಧಿಯ ವಿಷಯ ಕೇಳಿದೆ. ಅಪ್ಪ ನಗುತ್ತಿದ್ದರು.

ಆ ದಿನ, ಮರುದಿನ ಭಾನುವಾರ ಪೂರ್ತಿ ನನ್ನ ಸಾಲುಗಳನ್ನು ಹೊಸ ಲೈಬ್ರರಿಗೆ ಸೇರಿಸಲು ಹೆಣಗಿದೆ. ಅದನ್ನು ಬರೆದವರು ಒಳಗೆಲ್ಲ ಬದಲಿಸಿದ್ದರು, ನನ್ನ ಇಪ್ಪತ್ತು ಸಾಲಿಗೆ ಜಾಗವೇ ಸಿಗಲಿಲ್ಲ. ಸೋಮವಾರ ಆಫೀಸಿಗೆ ಹೊರಡುವಾಗ, “ರಿಪೇರಿ ನಡದೈತ್ರಿ ಅಪ್ಪಾ, ನಾ ಬರೂತನಕ ಮುಟ್ಟಬ್ಯಾಡ್ರಿ,” ಎಂದು ಹೇಳಿದೆ. ಒಂದೇ ಗೋಡೆ ಬಾಕಿ ಇರುವ ಡ್ರಾಫ್ಟ್ಸ್‌ಮನ್‌ಗೆ ಹೇಳುವ ಮಾತೇ ಅದು?

ಸಂಜೆ ಬಂದಾಗ ಅವ್ವ ಬಾಗಿಲಲ್ಲೇ ಕೈಸನ್ನೆ ಮಾಡಿದಳು. ಅಪ್ಪ ಹತ್ತರಿಂದ ಎದ್ದಿರಲಿಲ್ಲ, ಊಟವೂ ಮಾಡಿರಲಿಲ್ಲ. ಪರದೆಯ ಮೇಲೆ ಅಡುಗೆಮನೆಯ ಆ ಗೋಡೆ ಇರಬೇಕಾದ ಕಡೆ ನೂಲಿನ ಸಿಕ್ಕು. ಒಂದೇ ಗೋಡೆಯನ್ನು ಎಷ್ಟು ಸಲ ಎಳೆದಿದ್ದರೋ. ಅಳಿಸಿರಲೂ ಇಲ್ಲ, ಒಂದರ ಮೇಲೊಂದು.

“ಕೂಡು,” ಎಂದರು. ಕೂತೆ. “ಮಷಿನ್ ಕೆಟ್ಟೈತೋ, ರಿಪೇರಿ ಆಗಿ ಸುದ್ದ ಆಗೈತೋ?”

ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು. ಕೆಟ್ಟಿದೆ ಎಂದರೆ ನಂಬಲು ಅವರಿಗೂ ಆಸೆಯಿತ್ತೇನೋ. ಆದರೆ ಆ ಸಿಕ್ಕನ್ನು ನೋಡುತ್ತ ನನ್ನಿಂದಾಗಲಿಲ್ಲ.

“ಸುದ್ದ ಆಗೈತ್ರಿ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಚೇರಿಯಲ್ಲಿ ತಪಾಸಣೆಗೆ ಕೂತವರ ಹಾಗೆ ಒಂದೊಂದೇ ಕೇಳಿದರು.

“ಎಷ್ಟು ದಿನದಿಂದ?”

“ಎರಡು ವರ್ಷ ಆತ್ರಿ.”

“ಅಂದ್ರ ಪಡಸಾಲಿನೂ?”

“ಹೂನ್ರಿ.”

“ಗಿಳಿಗೂಟಾನೂ?”

“ಹೂನ್ರಿ ಅಪ್ಪಾ.”

“ಮತ್ತ ಆ ನಿನ್ನ ಸಾಮಾನು ತಿರುಗಿ ಹಾಕು. ನಾ ಒಮ್ಮೆ ನೋಡಬೇಕು.”

ನನಗೆ ಆಸೆ ಹುಟ್ಟಿತು. ನೋಡಿದರೆ ಒಪ್ಪಿಕೊಳ್ಳುತ್ತಾರೆ, ಕನ್ನಡಕ ಹಾಕಿಕೊಂಡ ಹಾಗೆ ಅಷ್ಟೇ ಎನ್ನುತ್ತಾರೆ, ಒಂದು ಗೋಡೆ ಮುಗಿಸುತ್ತಾರೆ. ಹದಿನೈದು ದಿನ ಹಿಡಿಯಿತು. ಆಫೀಸಿನಿಂದ ಬರುವಾಗ ಮೆಟ್ರೋದಲ್ಲಿ ನಿಂತೇ ಕೋಡ್ ಓದಿದೆ. ಹೊಸ ಲೈಬ್ರರಿಯನ್ನು ಬುಡದಿಂದ ಅರ್ಥ ಮಾಡಿಕೊಂಡು, ನನ್ನ ಸಾಲುಗಳನ್ನು ಹೊಸದಾಗಿ ಬರೆದು, ಈ ಸಲ ಚೀಟಿಯ ಮೇಲೆ ನಿಜವಾದ ವರ್ಷನ್ ಹಾಕಿ, ಪಕ್ಕದಲ್ಲಿ ಇದು ಮನೆಯಲ್ಲಿ ತಿದ್ದಿದ್ದು ಎಂದು ನಮೂದಿಸಿದೆ. ಗುಮಾಸ್ತ ಒಂದು ತಕರಾರೂ ಇಲ್ಲದೆ ಒಪ್ಪಿದ. ನನ್ನ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ.

ಭಾನುವಾರ ಹತ್ತಕ್ಕೆ ಅಪ್ಪ ಕೂತರು. ಅಂಗಿ ಇಸ್ತ್ರಿಯದಲ್ಲ. ಅವ್ವ ಚಹಾ ಹಿಡಿದು ಹಿಂದೆ ನಿಂತಳು. ಅಪ್ಪ ಖಾಲಿ ಹಾಳೆ ತೆಗೆಸಿ ಒಂದು ಗೆರೆ ಎಳೆದರು. ಕೈ ಹಲಗೆಯ ಮೇಲೆ ಟಕಟಕ ಬಡಿಯುತ್ತಿತ್ತು, ಪರದೆಯ ಮೇಲೆ ಗೆರೆ ನೆಟ್ಟಗೆ ಹೋಯಿತು. ಇಷ್ಟು ದಿನ ಅವರು ಪರದೆಯನ್ನಷ್ಟೇ ನೋಡುತ್ತಿದ್ದರು. ಆ ದಿನ ಕೈಯನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಕೈಯನ್ನು ನೋಡಿದರು.

ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಬೇಕೆಂತಲೇ ಹಾವು ಹರಿದ ಹಾಗೆ ಅತ್ತಿತ್ತ ಪೆನ್ನು ಎಳೆದರು. ನಾವು ಮೂವರೂ ಪರದೆ ನೋಡಿದೆವು. ಪೆನ್ನಿನ ಹಿಂದೆ ನಿಧಾನವಾಗಿ ಗೆರೆ ಬಂತು. ನೆಟ್ಟಗೆ.

“ನಾ ಸೊಟ್ಟ ಎಳದೆ,” ಎಂದರು.

ನಾನು ಸಂಖ್ಯೆ ಕಡಿಮೆ ಮಾಡುತ್ತೇನೆ ಎಂದೆ. ಮಾಡಿದೆ ಕೂಡ. ಕಡಿಮೆ ಮಾಡಿದರೆ ನಡುಕ ಬಂತು. ಏರಿಸಿದರೆ ಅವರು ಏನು ಎಳೆದರೂ ಒಂದೇ ಗೆರೆ. ಒಂದು ಗಂಟೆ ಅವರನ್ನು ಕೂರಿಸಿಕೊಂಡು ಏರಿಸಿದೆ, ಇಳಿಸಿದೆ. ನಡುಕ ನಿಂತು ಅಪ್ಪನ ಕೈ ಮಾತ್ರ ಉಳಿಯುವ ಒಂದು ಸಂಖ್ಯೆ ಸಿಗಲಿಲ್ಲ. ಮೊದಲ ವರ್ಷ ಅಂಥ ಸಂಖ್ಯೆ ಇತ್ತು. ನಾನೇ ನೋಡಿದ್ದೆ. ಅದು ಯಾವಾಗ ಇಲ್ಲವಾಯಿತೋ ಅವರಿಗೂ ತಿಳಿಯಲಿಲ್ಲ, ಕಂಪೈಲ್ ಮಾಡುತ್ತ ಕೂತ ನನಗೂ ತಿಳಿಯಲಿಲ್ಲ.

“ಸಾಕು ಬಿಡವ್ವಾ. ನಕಾಶಿ ತಗಿ,” ಎಂದರು. ತೆಗೆದೆ. “ಮೂಲಿಗೆ ಹೋಗು. ಬರದವರು ಅಂತ ಐತೆಲ್ಲಾ, ಅಲ್ಲಿ ನಂದು ಅಳಿಸು. ನಿಂದು ಹಾಕು.”

“ಅಳತಿ ನಿಮ್ಮದ್ರಿ ಅಪ್ಪಾ. ಫರಸಿ ಎಣಿಸಿದವ್ರು ನೀವು. ನಾ ಬರೇ—”

“ಗೆರಿ ಯಾರದು?”

ಅವ್ವ ನನ್ನ ಭುಜ ಮುಟ್ಟಿ, “ಹಾಕು, ಅವರು ಹೇಳಿದಂಗ ಮಾಡು,” ಎಂದಳು. ಅವಳ ದನಿಯಲ್ಲಿ ನಾನು ಹೇಳಿರಲಿಲ್ಲವೇ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ಅಪ್ಪನ ಎರಡಕ್ಷರ ಅಳಿಸಿದೆ. ಅವು ಮಾತ್ರ ಸ್ವಲ್ಪ ನಡುಗಿದ ಹಾಗಿದ್ದವು. ನನ್ನ ಸಾಲುಗಳು ಸಣ್ಣ ಅಕ್ಷರವನ್ನು ನೆಟ್ಟಗೆ ಮಾಡುತ್ತಿರಲಿಲ್ಲ. ಆ ಇಡೀ ನಕ್ಷೆಯಲ್ಲಿ ಅವರ ಕೈಯದೇ ಆಗಿದ್ದದ್ದು ಆ ಎರಡಕ್ಷರ. ಅಳಿಸಿದ ಮೇಲೆ ನನಗೆ ಅದು ಹೊಳೆಯಿತು. ಅಪ್ಪ ಆಗಲೇ ಎದ್ದು ಹೋಗಿದ್ದರು.

ಅಡುಗೆಮನೆಗೆ ಇನ್ನೂ ಒಂದು ಗೋಡೆ ಇಲ್ಲ. ಎಳೆಯಲು ನನಗೆ ಎರಡು ಚುಕ್ಕಿ ಸಾಕು, ಎಳೆದಿಲ್ಲ. ಅಪ್ಪ ಹತ್ತಕ್ಕೆ ಬಾಲ್ಕನಿಯಲ್ಲಿ ಕೂತು ಕೆಳಗೆ ಮೆಟ್ರೋಗೆ ಓಡುವವರನ್ನು ನೋಡುತ್ತಾರೆ, ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ನಾನು ಆ ಲೈಬ್ರರಿಯನ್ನು ತೆಗೆದುಹಾಕಿದೆ. ಈಗ ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ, ಎಲ್ಲವೂ ಸರಿಯಾಗಿದೆ, ಮಾಡಲು ಏನೂ ಇಲ್ಲ ಎಂದು ಗುಮಾಸ್ತ ಹೇಳುತ್ತಾನೆ. ನಾನು ಅದನ್ನು ಓದಿ, ಆರಿಸಿ, ಆಫೀಸಿಗೆ ಹೋಗುತ್ತೇನೆ.